ರಾಂಗ್ ನಂಬರ್ ಮಾವ ಹೊಸ್ತಿಲು ದಾಟಿದ್ದು

ಗ್ರಿಲ್ ಅಂಗಡಿಯಲ್ಲಿ ಕಿಟಕಿ ಸರಳುಗಳಿಗೆ ಕೆಂಪು ಪ್ರೈಮರ್ ಬಳಿಯುವ ಮನುಷ್ಯನನ್ನು ಇಡೀ ಪೇಟೆ ‘ರಾಂಗ್ ನಂಬರ್ ಮಾವ’ ಎಂದು ಕರೆಯುತ್ತಿತ್ತು. ಪ್ರೀತಿಯಿಂದಲೇ ಕರೆಯುತ್ತಿತ್ತು. ಒಬ್ಬನನ್ನು ಕೊಲ್ಲಲು ಹೋಗಿ ಇನ್ನೊಬ್ಬನನ್ನು ಕೊಂದು ಬಂದವನಿಗೆ ಇದಕ್ಕಿಂತ ಮುದ್ದಾದ ಹೆಸರನ್ನು ಬೇರೆ ಯಾವ ಪೇಟೆಯೂ ಇಟ್ಟಿರಲಾರದು. ಅಂಗಡಿಯ ಗ್ರಿಲ್ಲು ತಪ್ಪಿ ಪಕ್ಕದ ಮನೆಯಲ್ಲಿ ಇಳಿದರೆ, ಮಾವನ ಕೈಲಿ ಅಡ್ರೆಸ್ ಕೊಟ್ಟಿದ್ರಾ ಎಂದು ಗಿರಾಕಿ ನಗುತ್ತಿದ್ದ. ವೆಲ್ಡಿಂಗಿನವನು ನಗುತ್ತಿದ್ದ. ಎಲ್ಲರಿಗಿಂತ ಮೊದಲು, ಉಜ್ಜುಕಾಗದವನ್ನು ಕೆಳಗಿಟ್ಟು, ಮಾವನೇ ನಗುತ್ತಿದ್ದ. ಜನ ಯಾರನ್ನು ನೋಡಿ ನಗುತ್ತಾರೋ ಅವನಿಗೆ ಹೆದರುವುದಿಲ್ಲ, ಬಾಡಿಗೆಗೆ ಕೋಣೆ ಕೊಡುತ್ತಾರೆ, ಮಕ್ಕಳನ್ನು ಅವನೆದುರು ಆಡಲು ಬಿಡುತ್ತಾರೆ. ಜೈಲಿನಿಂದ ಬಂದ ಮೊದಲ ವಾರದಲ್ಲೇ ಅವನಿಗೆ ಇದು ಅರ್ಥವಾಗಿತ್ತು.

ಕಥೆ ಎಲ್ಲರಿಗೂ ಬಾಯಿಪಾಠ. ಹರೆಯದಲ್ಲಿ ಅವನು ಲಾರಿ ಯಾರ್ಡಿನಲ್ಲಿ ಮೂಟೆ ಹೊರುತ್ತಿದ್ದ. ಯಾರ್ಡಿನ ಧಣಿಗೂ ಒಬ್ಬ ಕಂಟ್ರಾಕ್ಟರನಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಧಣಿ ಒಂದು ದಿನ ಇವನ ಹೆಗಲ ಮೇಲೆ ಕೈಹಾಕಿ, ನೀನು ನನ್ನ ಮಗನಿದ್ದ ಹಾಗೆ ಎಂದ. ಹಾಗೆನ್ನುವ ಧಣಿಗಳು ಸ್ವಂತ ಮಗನ ಕೈಗೆ ಚಾಕು ಕೊಡುವುದಿಲ್ಲ, ಅವನನ್ನು ಓದಲು ಕಳಿಸುತ್ತಾರೆ. ಅದು ಇವನಿಗೆ ಹೊಳೆಯಲಿಲ್ಲ. ಕಂಟ್ರಾಕ್ಟರನನ್ನು ಇವನು ಹತ್ತಿರದಿಂದ ಕಂಡವನಲ್ಲ. ಧಣಿ ಗುರುತು ಹೇಳಿದ. ಎತ್ತರದ ಆಳು, ಬೆನ್ನು ಸ್ವಲ್ಪ ಬಾಗಿದೆ, ಸಂಜೆ ದರ್ಜಿಯ ಅಂಗಡಿಗೆ ಬೂದು ಕೋಟಿನ ಟ್ರಯಲ್ಲಿಗೆ ಬರುತ್ತಾನೆ.

ಇವನು ಹೋದ. ಅಂಗಡಿಯ ಜಗಲಿಯ ಮೇಲೆ ಬೂದು ಕೋಟಿನವನೊಬ್ಬ ಬಿದ್ದು ಸತ್ತ. ಬೆಳಕು ತಂದು ಮುಖ ನೋಡಿದರೆ ದರ್ಜಿ! ಗಿರಾಕಿಯ ಕೋಟನ್ನು ತಾನು ತೊಟ್ಟಿದ್ದ. ಕಂಟ್ರಾಕ್ಟರ ಅಂದು ಹಲ್ಲುನೋವೆಂದು ಮನೆಯಲ್ಲೇ ಮಲಗಿದ್ದನಂತೆ. ಆಮೇಲೂ ಬಹಳ ಕಾಲ ಬದುಕಿ, ಮೊಮ್ಮಕ್ಕಳನ್ನು ಕಂಡು ಹೋದ.

ಧಣಿಯೇ ಇಟ್ಟುಕೊಟ್ಟ ವಕೀಲ ಇವನಿಗೆ ಹೇಳಿಕೊಟ್ಟದ್ದು ಒಂದೇ ಮಾತು: ನಾನು ಹೊಸ್ತಿಲು ದಾಟಿಲ್ಲ. ದರ್ಜಿ ಗಿರಾಕಿಯ ಕೋಟು ತೊಟ್ಟು ಜಗಲಿಯಲ್ಲಿ ಶೋಕಿ ಮಾಡುತ್ತ ನಿಂತಿದ್ದ, ಮಬ್ಬುಬೆಳಕಿತ್ತು, ಬೆನ್ನು ಮಾತ್ರ ಕಂಡಿತು, ಮೋಸಹೋದೆ. ಧಣಿಯ ಮೇಲೆ ಯಾವುದೂ ಸಾಬೀತಾಗಲಿಲ್ಲ, ಅಂಥವರ ಮೇಲೆ ಎಂದಾದರೂ ಆಗುತ್ತದೆಯೇ. ಮೂಟೆ ಹೊರುವವನ ಮೇಲೆ ಎಲ್ಲವೂ ಸಾಬೀತಾಯಿತು. ಆ ಮಾತಿನಿಂದ ಕೋರ್ಟಿನಲ್ಲಿ ಶಿಕ್ಷೆ ಕಡಿಮೆಯಾಯಿತೋ ಇಲ್ಲವೋ, ಬೀದಿಯಲ್ಲಂತೂ ಆಯಿತು. ಅವನು ಕೊಲೆಗಾರನಾಗಿ ಒಳಗೆ ಹೋಗಿ ಪೆದ್ದನಾಗಿ ಹೊರಗೆ ಬಂದ. ನನ್ನ ತಮ್ಮ ಪಾಪದವನು, ಅವನ ಗ್ರಹಚಾರ ಕೆಟ್ಟಿತ್ತು ಎಂದು ಅಕ್ಕ ಎಲ್ಲರಿಗೂ ಹೇಳಿ, ತನ್ನ ಮನೆಯ ಮಹಡಿ ಕೋಣೆಯನ್ನು ಬಿಟ್ಟುಕೊಟ್ಟಳು.

ಅವನು ಹೊಸ್ತಿಲು ದಾಟಿದ್ದ. ಪರದೆ ಸರಿಸಿ ಒಳಗೆ ಕಾಲಿಟ್ಟಾಗ ಕೋಟಿನವನು ಕನ್ನಡಿಯ ಎದುರಿಗಿದ್ದ. ಬೆನ್ನನ್ನು ಬೇಕೆಂದೇ ಬಗ್ಗಿಸಿ, ಕಾಲರು ಹೇಗೆ ಕೂರುತ್ತದೆಂದು ಓರೆಯಾಗಿ ನೋಡಿಕೊಳ್ಳುತ್ತಿದ್ದ. ಕೊರಳಲ್ಲಿ ಅಳತೆ ಟೇಪು ಜೋತಾಡುತ್ತಿತ್ತು, ಕೈಯಲ್ಲಿ ಬಳಪ. ಬಾಗಿದ ಬೆನ್ನಿನ ಗಿರಾಕಿಗೆ ಕೋಟು ಹೊಲಿಯುವ ದರ್ಜಿ, ಗಿರಾಕಿ ಬಾರದಿದ್ದರೆ, ಮೈಕಟ್ಟು ಒಂದೇ ಆಗಿದ್ದರೆ, ತಾನೇ ಗಿರಾಕಿಯಾಗಿ ನಿಲ್ಲುತ್ತಾನೆ. ಅಷ್ಟೇ ವಿಷಯ. ಇವನಿಗೆ ಆ ಗಳಿಗೆಯಲ್ಲೇ ತಿಳಿಯಿತು, ಇದು ಕಂಟ್ರಾಕ್ಟರನಲ್ಲ, ದರ್ಜಿ ಎಂದು. ದರ್ಜಿ ಕನ್ನಡಿಯೊಳಗೆ ಇವನ ಮುಖ ನೋಡಿದ, ಗಿರಾಕಿಯೆಂದುಕೊಂಡು ಒಂದು ಮಾತನ್ನೂ ಆಡಿದ. ಮುಖ ನೋಡಿಬಿಟ್ಟನಲ್ಲ ಎಂಬುದೊಂದೇ ಇವನ ತಲೆಯಲ್ಲಿ. ಬರಿಗೈಲಿ ವಾಪಸ್ಸಾದರೆ ಧಣಿ ಏನೆಂದಾನು ಎಂಬುದೂ ಇತ್ತು. ಚುಚ್ಚಿದ. ದರ್ಜಿ ತಾನಾಗಿ ತಡವರಿಸಿಕೊಂಡು ಜಗಲಿಯವರೆಗೆ ಬಂದು ಬಿದ್ದ. ಊರು ಕಂಡದ್ದು ಆ ಬಿದ್ದದ್ದನ್ನು ಮಾತ್ರ.

ಬಿಡುಗಡೆಯಾದ ಮೇಲೆ ಇದನ್ನು ದರ್ಜಿಯ ಹೆಂಡತಿಗೆ ಹೇಳಿಬಿಡಬೇಕೆಂದು ಒಂದೆರಡು ಸಲ ಹೊರಟದ್ದುಂಟು. ಒಮ್ಮೆ ಬೀದಿಯ ತಿರುವಿನವರೆಗೂ ಹೋಗಿದ್ದ. ಆಕೆ ಅಂಗಡಿಯ ಬಾಗಿಲಲ್ಲಿ ಕೂತು ಯಾರದೋ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ನಾಳೆ ನೋಡೋಣವೆಂದು ಹಿಂದೆ ತಿರುಗಿದ. ಆಮೇಲೆ ಆ ಬೀದಿಯನ್ನೇ ಬಿಟ್ಟು, ಸುತ್ತುಹಾಕಿ ಕೆಲಸಕ್ಕೆ ಹೋಗುವುದು ರೂಢಿಯಾಯಿತು.

ಹೀಗಿರುವಾಗ ಸಿನಿಮಾದವನೊಬ್ಬ ಗ್ರಿಲ್ ಅಂಗಡಿಗೆ ಬಂದ. ವಯಸ್ಸು ಚಿಕ್ಕದು, ಉಮೇದು ದೊಡ್ಡದು. ಸುಪಾರಿ ಕೊಲೆಗಾರನೊಬ್ಬ ಮುದುಕನಾದ ಮೇಲೆ ತಾನು ಕೈ ಮಾಡಿದ ಜಾಗಗಳನ್ನೆಲ್ಲ ಮತ್ತೆ ನೋಡಲು ಹೊರಡುವ ಚಿತ್ರವಂತೆ. ಅದರ ನಟ್ಟನಡುವೆ ಈ ಕೋಟಿನ ಪ್ರಸಂಗ. ಮಾವನನ್ನು ಸಲಹೆಗಾರನೆಂದು ಕರೆದುಕೊಂಡು ಹೋದ. ಚಿತ್ರದ ದರ್ಜಿ ಹೇಗಿರುತ್ತಾನೆಂದು ವಿವರಿಸಿದ: ಗಿರಾಕಿಗಳ ಕೋಟು ತೊಟ್ಟು ಜಗಲಿಯಲ್ಲಿ ಹೆಜ್ಜೆಹಾಕುತ್ತಾನೆ, ಎದುರು ಮನೆಯ ಹೆಂಗಸರಿಗೆ ಕಣ್ಣು ಹೊಡೆಯುತ್ತಾನೆ, ಕಣ್ಣು ಹೊಡೆಯುವಾಗಲೇ ಚಾಕು ಬೀಳುತ್ತದೆ. ಸುತ್ತಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಮಾವನೂ ನಕ್ಕ. ಕೊನೆಗೆ ನಿರ್ದೇಶಕನಿಗೆ ಇನ್ನೂ ಭರ್ಜರಿಯಾದ ಉಪಾಯ ಹೊಳೆಯಿತು.

“ಮಾವ, ದರ್ಜಿ ಪಾರ್ಟು ನೀವೇ ಮಾಡಿ. ಕೊಂದೋನೇ ಸಾಯ್ತಾನೆ ಅಂತ ಪೋಸ್ಟರ್ ಹಾಕಿಸ್ತೀನಿ. ಜನ ಮುಗಿಬೀಳ್ತಾರೆ.”

ನಾಚಿಕೆಯಿಲ್ಲದ ಸಂತೋಷವೊಂದು ಮಾವನ ಎದೆಯಲ್ಲಿ ಏರಿತು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಪೋಸ್ಟರಿನಲ್ಲಿ ಮುಖ ಬರುವುದೆಂದರೆ ಯಾರಿಗೆ ಬೇಡ? ಕೋಟು ಎಲ್ಲಿ ಹೊಲಿಸುತ್ತಾರೆಂದು ಕೇಳಿದಾಗ ಮಾತ್ರ ಆ ಸಂತೋಷ ಇಳಿಯಿತು. ಅದೇ ಅಂಗಡಿಯಲ್ಲಿ. ಈಗ ಅದನ್ನು ನಡೆಸುವವಳು ದರ್ಜಿಯ ಮಗಳು.

ಅಪ್ಪ ಸತ್ತಾಗ ಅವಳಿನ್ನೂ ಶಾಲೆಗೆ ಹೋಗುವ ಹುಡುಗಿ. ಶಾಲೆಯಲ್ಲಿ ಅವಳಿಗೆ ‘ಎರವಲು ಕೋಟು’ ಎಂದು ಹೆಸರಿಟ್ಟರು. ಹೊಸ ಬಟ್ಟೆ ತೊಟ್ಟ ದಿನ, ಇದು ಯಾವ ಗಿರಾಕೀದೇ ಎಂದು ಕೇಳುತ್ತಿದ್ದರು. ಮದುವೆಯಾದ ಮೇಲೂ ಆ ಹೆಸರು ಬೆನ್ನು ಬಿಡಲಿಲ್ಲ. ಗಿರಾಕಿಗಳು ಬಟ್ಟೆ ಕೊಡುವಾಗ, ನೀನು ತೊಟ್ಟುಕೊಂಡು ತಿರುಗಬೇಡಮ್ಮ ಎಂದು ತಮಾಷೆ ಮಾಡುತ್ತಿದ್ದರು. ಅವಳು ತಮಾಷೆಯೆಂಬಂತೆ ಕೇಳಿಸಿಕೊಳ್ಳುತ್ತಿದ್ದಳು. ಆ ಪ್ರಸಂಗ ಕೈಬಿಡಿ ಎಂದು ನಿರ್ದೇಶಕನನ್ನು ಬೇಡಿಕೊಂಡಿದ್ದಳು. ಯಾರ ಹೆಸರನ್ನೂ ಹಾಕಿಲ್ಲವಲ್ಲ ಅಕ್ಕ ಎಂದು ಅವನು ಕೈ ಕೊಡವಿದ. ಹಾಗಿದ್ದರೆ ಕೋಟು ನಾನೇ ಹೊಲಿಯುತ್ತೇನೆ, ಅಪ್ಪನ ಕೆಲಸವನ್ನೂ ನೋಡಿ ನಗುವುದು ಬೇಡ ಎಂದಳು.

ಅಳತೆಯ ದಿನ ಅವಳು ಮಾವನ ಮುಖ ನೋಡಲಿಲ್ಲ. ಕೈ ಎತ್ತಿ, ಇಳಿಸಿ, ತಿರುಗಿ. ಅಷ್ಟೇ ಮಾತು. ಟ್ರಯಲ್ಲಿನ ದಿನ ಅವನೊಬ್ಬನೇ ಬಂದ. ಬೂದು ಕೋಟಿನ ಮೇಲೆಲ್ಲ ಬಿಳಿದಾರದ ಕಚ್ಚಾ ಹೊಲಿಗೆ. ಅವಳು ತೊಡಿಸಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಕಂಕುಳ ಕೆಳಗೆ ಬಟ್ಟೆ ಹಿಡಿದು ಚುಚ್ಚತೊಡಗಿದಳು. ಮಾವ ಎದುರಿಗೆ ನೋಡಿದ. ಬಲಮೂಲೆ ಒಡೆದಿದ್ದ ಅದೇ ಕನ್ನಡಿ, ಅದೇ ಮರದ ಅಂಚು. ಸುಮ್ಮನಿರಲಾರದೆ, ಏನಾದರೊಂದು ಮಾತಾಡಬೇಕಲ್ಲ ಎಂದು ಆಡಿಬಿಟ್ಟ.

“ಈ ಕನ್ನಡಿ ಆಗ ಆ ಕಡೆ ಗೋಡೆಗಿತ್ತಲ್ವಾ ತಾಯಿ.”

ಅವಳ ಕೈ ನಿಂತಿತು. ಬಾಯಲ್ಲಿದ್ದ ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು.

“ಆಗ ಅಂದ್ರೆ?”

“ಅದೇ... ಹಳೇ ಕಾಲದಲ್ಲಿ.”

“ಜಗಲಿಯಿಂದ ಆ ಗೋಡೆ ಕಾಣಲ್ಲ. ಮಧ್ಯೆ ಪರದೆ ಇತ್ತು. ಅಪ್ಪ ಸತ್ತ ವಾರಕ್ಕೇ ಅಮ್ಮ ಕನ್ನಡೀನ ಈ ಗೋಡೆಗೆ ಹಾಕಿಸಿದ್ಲು. ನೀವು ಹೊಸ್ತಿಲು ದಾಟಿಲ್ಲ ಅಂತ ಕೋರ್ಟಲ್ಲಿ ಹೇಳಿದ್ದನ್ನ ನಾನೇ ಅಮ್ಮನ ಪಕ್ಕ ಕೂತು ಕೇಳಿದ್ದೀನಿ.”

ಮಾವನಿಗೆ ಓಡಿಹೋಗಬೇಕೆನಿಸಿತು. ಓಡುವುದೆಲ್ಲಿಗೆ? ಎರಡೂ ಕಂಕುಳಲ್ಲಿ ಸೂಜಿ. ಕೈ ಇಳಿಸಿದರೆ ಚುಚ್ಚುತ್ತದೆ. ರೆಕ್ಕೆ ಬಿಚ್ಚಿದ ಕೋಳಿಯ ಹಾಗೆ ತೋಳು ಎತ್ತಿಕೊಂಡೇ, ಮೂಲೆ ಒಡೆದ ಕನ್ನಡಿಗೆ ಮುಖ ಮಾಡಿಕೊಂಡೇ, ಎಲ್ಲವನ್ನೂ ಹೇಳಿದ. ನಿರ್ದೇಶಕ ನೋಡಿದ್ದರೆ ಇದನ್ನೂ ತಮಾಷೆಯ ದೃಶ್ಯ ಮಾಡಿಕೊಳ್ಳುತ್ತಿದ್ದನೋ ಏನೋ. ಟೇಪಿನ ವಿಷಯ ಹೇಳಿದ, ಬಳಪದ ವಿಷಯ ಹೇಳಿದ, ತಿಳಿದೂ ಚುಚ್ಚಿದೆ ಎಂದ. ಅವಳು ಸ್ಟೂಲಿನ ಮೇಲೆ ಕೂತಳು.

“ಅಪ್ಪ ಏನಾದ್ರೂ ಅಂದ್ರಾ?”

“ಬನ್ನಿ, ಒಂದ್ನಿಮಿಷ ಕೂತ್ಕೊಳ್ಳಿ, ಬಂದೆ. ಅಂದ್ರು.”

ಅವಳು ಆ ಮಾತನ್ನು ಒಮ್ಮೆ ಮೆಲ್ಲಗೆ ತಾನೂ ಹೇಳಿಕೊಂಡಳು. ಯಾವ ಗಿರಾಕಿ ಬಂದರೂ ಅಪ್ಪ ಹೇಳುತ್ತಿದ್ದುದು ಅದನ್ನೇ.

“ಅಮ್ಮ ಹೋದ ವರ್ಷ ತೀರ್ಕೊಂಡ್ಲು,” ಎಂದಳು. “ಕೊನೇ ತನಕ ಅಪ್ಪನ್ನ ಬೈತಾನೇ ಇದ್ಲು. ಶೋಕಿ ಮಾಡೋಕೆ ಹೋಗಿ ನನ್ನ ನಡುನೀರಲ್ಲಿ ಕೈಬಿಟ್ಟ ಅಂತ. ಒಂದು ಫೋಟೋ ಗೋಡೆಗೆ ಹಾಕೋಕೆ ಬಿಡ್ಲಿಲ್ಲ. ನೀವು ಜೈಲಿಂದ ಬಂದ್ಮೇಲೂ ಒಂಬತ್ತು ವರ್ಷ ಇದೇ ಬಾಗಿಲಲ್ಲಿ ಕೂತಿದ್ಲಲ್ಲ ಅವಳು. ನಿಮಗೆ ಒಂದು ದಿನ ಆಗಲಿಲ್ವಾ?”

ಬೈದಿದ್ದರೆ, ಕತ್ತರಿ ಎತ್ತಿಕೊಂಡು ಬಂದಿದ್ದರೆ, ಮಾವ ತಾಳಿಕೊಳ್ಳುತ್ತಿದ್ದ. ಗಂಡ ಸತ್ತದ್ದಕ್ಕೆ ಗಂಡನನ್ನೇ ಬೈದುಕೊಂಡು ಸತ್ತ ಹೆಂಗಸು, ಅಂಗಿಗೆ ಗುಂಡಿ ಹೊಲಿಯುತ್ತ ಕೂತವಳು, ಅವನ ಕಣ್ಣ ಮುಂದೆ ಬಂದಳು. ಆವತ್ತು ಆ ತಿರುವಿನಿಂದ ಅಂಗಡಿಯ ಬಾಗಿಲಿಗೆ ಕೂಗಿದರೆ ಕೇಳುವಷ್ಟೇ ದೂರವಿತ್ತು. ಒಂದು ಕೊಲೆಗೆ ಅವನು ಶಿಕ್ಷೆ ಉಂಡಿದ್ದ. ಈ ಒಂಬತ್ತು ವರ್ಷದ್ದಕ್ಕೆ ಯಾವ ಜೈಲು?

ತಪ್ಪಾಯ್ತು ತಾಯಿ ಎನ್ನಲು ಹೋದ. ಅವಳು ಕೈ ಅಡ್ಡ ಹಿಡಿದು, ಸೂಜಿಗಳನ್ನು ಒಂದೊಂದಾಗಿ ಕಿತ್ತು, ಕೋಟು ಬಿಚ್ಚಿಕೊಂಡಳು.

“ನನ್ನ ಹತ್ರ ಬೇಡ. ನಗ್ತಾರಲ್ಲ, ಅವರ ಹತ್ರ ಹೋಗಿ ಹೇಳಿ.”

ಮೊದಲು ನಿರ್ದೇಶಕನ ಹತ್ತಿರ ಹೋದ. ಅವನು ತಾಳ್ಮೆಯಿಂದಲೇ ಕೇಳಿದ. ಕೇಳಿ, ಗಲ್ಲ ಕೆರೆದುಕೊಂಡು, ಇದರಲ್ಲಿ ನಗು ಬರುವುದಿಲ್ಲವಲ್ಲ ಮಾವ ಎಂದ. ಸಿನಿಮಾ ಅಂದರೆ ಕೋರ್ಟಲ್ಲ, ಜನ ಟಿಕೆಟ್ ತೆಗೆದುಕೊಂಡು ಬರುವುದು ಹೊಟ್ಟೆ ಹುಣ್ಣಾಗುವಂತೆ ನಗುವುದಕ್ಕೆ, ಕಣ್ಣು ಹೊಡೆಯುವ ದರ್ಜಿಯೇ ಸರಿ. ಪಾರ್ಟು ಮಾಡುವುದಿಲ್ಲವೆಂದು ಮಾವ ಹಟ ಹಿಡಿದಾಗ, ಹಾಸ್ಯನಟನೊಬ್ಬನನ್ನು ಕರೆಸಿದ. ಮಗಳು ಕೋಟನ್ನು ಪೂರ್ತಿ ಮಾಡಿಕೊಡಲಿಲ್ಲ. ರೆಡಿಮೇಡ್ ತಂದು ಕೆಲಸ ಮುಗಿಸಿದರು. ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ.

ಆಮೇಲೆ ಅಕ್ಕನಿಗೆ ಹೇಳಿದ. ಅಕ್ಕ ಊಟಕ್ಕೆ ಬಡಿಸುತ್ತಿದ್ದಳು. ಸೌಟು ಕೈಯಲ್ಲಿ ಹಿಡಿದುಕೊಂಡೇ ಕೇಳಿ, ಪಾತ್ರೆಗೆ ಹಾಕಿ, ಒಳಗೆ ಹೋದಳು. ಅಂದಿನಿಂದ ಅವಳ ಬಾಯಲ್ಲಿ ‘ಪಾಪದವನು’ ಎಂಬ ಮಾತು ಬರಲಿಲ್ಲ. ಊಟ ಹಾಕುತ್ತಾಳೆ, ಜ್ವರ ಬಂದರೆ ಮಾತ್ರೆ ತಂದಿಡುತ್ತಾಳೆ. ತಮ್ಮಾ ಎಂದು ಕರೆಯುವುದಿಲ್ಲ.

ಉಳಿದದ್ದು ಚಹಾ ಅಂಗಡಿ. ಅದೇ ಇಡೀ ಪೇಟೆಯ ಬಾಯಿ. ಬೆಂಚಿನ ಮೇಲೆ ಜನ ತುಂಬಿದ್ದಾಗ ಎದ್ದು ನಿಂತು, ನಾನು ಮೋಸಹೋಗಿ ಕೊಂದದ್ದಲ್ಲ, ಗೊತ್ತಿದ್ದೇ ಕೊಂದದ್ದು, ಆ ಮನುಷ್ಯ ಒಳಗೆ ತನ್ನ ಕೆಲಸ ಮಾಡುತ್ತಿದ್ದ ಎಂದ. ವೆಲ್ಡಿಂಗಿನವನು ತೊಡೆ ತಟ್ಟಿದ.

“ಸಿನಿಮಾದಿಂದ ಕಿತ್ತಾಕಿದ್ರಲ್ಲ, ಅದಕ್ಕೇ ಮಾವ ಬಿಲ್ಡಪ್ ಕೊಡ್ತಾವ್ನೆ. ಈ ವಯಸ್ಸಲ್ಲಿ ಡಾನ್ ಆಗೋ ಆಸೆ ನೋಡು!”

ನಗು ಬೀದಿಯ ಆಚೆಗೂ ಕೇಳಿಸಿತು. ಸುಳ್ಳು ಹೇಳಿದಾಗ ತಲೆಯಾಡಿಸಿ ನಂಬಿದ ಜನ, ನಿಜ ಹೇಳಿದಾಗ ಬೆನ್ನು ತಟ್ಟಿ ಚಹಾ ಕುಡಿಸಿದರು. ಅವರಿಗೂ ಅವರದೇ ಕಾರಣವಿತ್ತು. ಮಾವ ಪೆದ್ದನಲ್ಲದಿದ್ದರೆ, ದರ್ಜಿ ಶೋಕಿಲಾಲನಲ್ಲ. ದರ್ಜಿ ಶೋಕಿಲಾಲನಲ್ಲದಿದ್ದರೆ, ಒಂದು ಹುಡುಗಿಯನ್ನು ಅಷ್ಟು ಕಾಲ ಎರವಲು ಕೋಟು ಎಂದು ಅಳಿಸಿದವರು ತಾವು ಯಾರು? ಅದನ್ನು ಒಪ್ಪಿಕೊಳ್ಳುವುದಕ್ಕಿಂತ ನಗುವುದು ಸಲೀಸು.

ಮಾವ ನೇರ ದರ್ಜಿ ಅಂಗಡಿಗೆ ಹೋಗಿ, ಹೇಳಿದೆ ತಾಯಿ, ಯಾರೂ ನಂಬಲಿಲ್ಲ ಎಂದ. ಕ್ಷಮೆಯಲ್ಲದಿದ್ದರೂ, ಹೋಗಲಿ ಬಿಡಿ ಎಂಬ ಒಂದು ಮಾತಿಗೆ ಅವನ ಜೀವ ಕಾದಿತ್ತು. ಅವಳು ಮಿಷನ್ ತುಳಿಯುವುದನ್ನು ನಿಲ್ಲಿಸಲಿಲ್ಲ.

“ಹಾಗಾದ್ರೆ ನಾಳೆನೂ ಹೇಳಿ.”

ಸಿನಿಮಾ ಬಂತು, ಓಡಿತು. ಥಿಯೇಟರಿನಿಂದ ಹೊರಬಂದವರು ಮಾವನನ್ನು ಕಂಡು ಕಣ್ಣು ಹೊಡೆದು ತೋರಿಸಿದರು. ಅವನು ಪ್ರತಿಯೊಬ್ಬರನ್ನೂ ನಿಲ್ಲಿಸಿ ಹೇಳಿದ. ಮೊದಮೊದಲು ನಕ್ಕರು, ಆಮೇಲೆ ಬೇಸತ್ತರು, ಬಂತಪ್ಪ ಪುರಾಣ ಎಂದು ದಾರಿ ಬದಲಿಸಿದರು. ಅವನು ಬಿಡಲಿಲ್ಲ. ಒಂದು ಬೆಳಿಗ್ಗೆ ಚಹಾ ಅಂಗಡಿಯಲ್ಲಿ ಹೇಳುತ್ತಿದ್ದಾಗ, ಬೆಂಚಿನ ತುದಿಯಲ್ಲಿ ಕೂತಿದ್ದ ಇಸ್ತ್ರಿಯವನು ನಗಲಿಲ್ಲ. ಮಾವನ ಕೈಯನ್ನೇ ನೋಡುತ್ತ ಕೂತಿದ್ದವನು, ಅರ್ಧ ಕುಡಿದ ಲೋಟವನ್ನು ಕೆಳಗಿಟ್ಟು, ಪಕ್ಕದಲ್ಲಿದ್ದ ಮಗಳ ಕೈಹಿಡಿದು ಎಬ್ಬಿಸಿಕೊಂಡು, ಮಾವನಿಂದ ದೂರ ಸರಿದು, ಬೀದಿಯ ಆಚೆ ಬದಿಯಿಂದ ಹೊರಟುಹೋದ.

ಜೈಲಿನಿಂದ ಬಂದ ಮೇಲೆ ಅವನನ್ನು ನೋಡಿ ಹೆದರಿದ ಮೊದಲ ಮನುಷ್ಯ. ಮಾವ ಆ ಬೆನ್ನು ಮರೆಯಾಗುವವರೆಗೂ ನೋಡಿದ. ನೀರು ಕುಡಿದು, ಬೆಂಚಿನ ಈ ತುದಿಯಲ್ಲಿ ಉಳಿದಿದ್ದವರ ಕಡೆಗೆ ತಿರುಗಿ, ಮೊದಲಿನಿಂದ ಶುರುಮಾಡಿದ.