ದೋಣಿಗೆ ಹೊಸೆದ ಬತ್ತಿ

ಆ ಭಾನುವಾರವೂ ನಲ್ಲಿ ನಿಲ್ಲುವ ಮೊದಲು ಹಂಡೆ ತುಂಬಿಸಿ, ಹಾಲು ಒಲೆಗಿಟ್ಟು, ಡಿಕಾಕ್ಷನ್ ಇಳಿಯಲು ಬಿಟ್ಟು ಬಾಗಿಲಿಗೆ ಬಂದೆ. ರಂಗೋಲಿಗೆ ಉಳಿದಿದ್ದ ಜಾಗ ಒಂದು ಮೊಳ. ಮಿಕ್ಕ ಅಂಗಳವೆಲ್ಲ ದೋಣಿಯದು. ಯುದ್ಧ ಮುಗಿದು ತನ್ನ ದೇಶಕ್ಕೆ ಹೊರಟಿದ್ದ ಒಬ್ಬ ಇಂಗ್ಲಿಷ್ ಅಧಿಕಾರಿ ಹಲಸೂರು ಕೆರೆಯಲ್ಲಿ ಇಟ್ಟುಕೊಂಡಿದ್ದ ಹಳೆಯ ಹಾಯಿದೋಣಿ ಅದು. ನನ್ನವರೂ ಅವರ ಗೆಳೆಯರೊಬ್ಬರೂ ಸೇರಿ ಕೊಂಡು, ನಮ್ಮ ಅಂಗಳದಲ್ಲಿ ದಿಮ್ಮಿಗಳ ಮೇಲೆ ಕೂರಿಸಿ ರಿಪೇರಿ ಮಾಡುತ್ತಿದ್ದರು. ದೀಪಾವಳಿ ಕಳೆದು ಸಮುದ್ರ ಶಾಂತವಾದ ಮೇಲೆ ಗೂಡ್ಸ್ ಗಾಡಿಯಲ್ಲಿ ಮಂಗಳೂರಿಗೆ ಸಾಗಿಸಿ, ಅಲ್ಲಿಂದ ದಡ ಹಿಡಿದು ಕಾರವಾರದವರೆಗೆ ಹೋಗಬೇಕೆಂಬುದು ಅವರಿಬ್ಬರ ಯೋಜನೆ. ಇಬ್ಬರದೇ.

ನಾನು ಸಮುದ್ರ ನೋಡಿರಲಿಲ್ಲ. ಭೂಪಟಕ್ಕೆ ಬಣ್ಣ ತುಂಬುವಾಗ ದಡದ ಪಕ್ಕ ನೀಲಿ ಗಾಢವಾಗಿರಬೇಕು, ಆಮೇಲೆ ತೆಳುವಾಗುತ್ತ ಹೋಗಬೇಕು ಎಂದು ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರು. ನನ್ನ ಸಮುದ್ರ ಅಷ್ಟೇ. ಇಂಗ್ಲಿಷಿನಲ್ಲಿ ದೋಣಿ ಹೆಣ್ಣು ಎಂದು ಹೇಳಿಕೊಟ್ಟವರೂ ಅವರೇ. ಕನ್ನಡದಲ್ಲಿ ದೋಣಿ ‘ಅದು’. ನನ್ನವರು ಮಾತ್ರ ಕನ್ನಡದಲ್ಲೂ ‘ಅವಳು’ ಎನ್ನುತ್ತಿದ್ದರು. ನನ್ನನ್ನು ಕರೆಯುತ್ತಿದ್ದುದು ‘ಇವಳೇ’ ಎಂದು.

“ಇವಳೇ, ಅವಳಿಗೆ ಸ್ವಲ್ಪ ಎಣ್ಣೆ ಬೆಚ್ಚಗೆ ಮಾಡ್ಕೊಡು.”

ಮಾಡಿಕೊಟ್ಟೆ. ಮುಂಗೈ ಮೇಲೆ ಒಂದು ತೊಟ್ಟು ಬಿಟ್ಟುಕೊಂಡು, ಬಿಸಿ ಹದವಾಗಿದೆಯೆಂದು ಖಾತ್ರಿಯಾದ ಮೇಲೆ ಹಲಗೆಗೆ ಸವರಿದರು. ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳಿದರು. ಊಟಕ್ಕೆ ಮೂರು ಸಲ ಕೂಗಿದರೂ ಕೇಳದ ಕಿವಿ.

ತಿಂಡಿಯ ಹೊತ್ತಿಗೆ ಗೆಳೆಯರು ಬಂದರು. ಕುಂದಾಪುರದ ಕಡೆಯವರು, ವಿಮಾನದ ಕಾರ್ಖಾನೆಯಲ್ಲಿ ನನ್ನವರ ಜೊತೆ ಕೆಲಸ, ಮದುವೆಯಾಗಿರಲಿಲ್ಲ. ಅವರಿಬ್ಬರು ದೋಣಿಯ ಬುಡದಲ್ಲಿ ಕೂತರೆ ಅರ್ಧ ಮಾತಿಗೇ ನಗು. ಉಳಿದರ್ಧ ಏನಿತ್ತೋ ನನಗೆ ತಿಳಿಯುತ್ತಿರಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತು ಹತ್ತಿ ಹೊಸೆಯುತ್ತಿದ್ದೆ. ಹಲಗೆಗಳ ಸಂದಿಗೆ ಹತ್ತಿಯ ಹುರಿ ಬಿಗಿದು, ಮೇಲೆ ಕಾಯಿಸಿದ ರಾಳ ಹೊಯ್ಯದಿದ್ದರೆ ನೀರು ಒಸರುತ್ತದಂತೆ. ದೇವರ ದೀಪಕ್ಕೆ ಬತ್ತಿ ಹೊಸೆಯುವವಳು ಎಂದು ಆ ಕೆಲಸ ನನ್ನ ಪಾಲಿಗೆ ಬಂದಿತ್ತು.

“ಸಂಜೆ ಯಾವುದಾದ್ರೂ ಹೊಳೆಬಾಯಿಯ ಒಳಗೆ ಹೋಗಿ ನಿಲ್ಲುವುದು,” ಗೆಳೆಯರು ಹೇಳುತ್ತಿದ್ದರು. “ತಳದ ಪಾಚಿ ಕೆರೆಯುವುದು, ಹಾಯಿ ಒಣಗಿಸುವುದು. ಪಾತ್ರೆಯೆಲ್ಲ ಉಪ್ಪುನೀರಲ್ಲೇ.”

“ಊಟಕ್ಕೆ?” ಎಂದೆ.

“ಅವಲಕ್ಕಿ ಉಂಟಲ್ಲ ಅತ್ತಿಗೆ.”

“ತಿಂಗಳೆಲ್ಲಾ ಅವಲಕ್ಕೀನಾ? ನಾನೂ ಬರ್ತೀನಿ. ಒಂದು ಸ್ಟೌವ್ ಇದ್ರೆ ಸಾಕು.”

ನನ್ನವರು ತಲೆಯೆತ್ತದೆ ನಕ್ಕರು. “ಮೂರು ಜನರ ಭಾರ ಅವಳು ತಡೀತಾಳೇನೇ? ಸಾಮಾನು ಬೇರೆ. ಅಂಚಿನ ತನಕ ನೀರು ಬಂದ್ಬಿಡುತ್ತೆ. ಅಲ್ಲದೆ ಜಟಕಾದಲ್ಲಿ ಮಾರ್ಕೆಟ್ಟಿಗೆ ಹೋದ್ರೇ ನಿನಗೆ ತಲೆ ಸುತ್ತುತ್ತೆ.”

ಗೆಳೆಯರ ಮುಖದಲ್ಲಿ ಒಂದು ನೆಮ್ಮದಿ ಹಾದುಹೋಯಿತು. ಅದನ್ನು ನಾನು ಕಂಡೆ. ಅವರ ಮೇಲೆ ಹೊಟ್ಟೆ ಉರಿಯಿತು. ಎಣ್ಣೆ ಕುಡಿದು ಮಿರುಗುತ್ತಿದ್ದ ಅವಳ ಮೇಲೂ ಉರಿಯಿತು. ಎರಡನ್ನೂ ಸೇರಿಸಿಯೇ ಹೊಸೆದೆನೇನೋ, ನನ್ನವರು ಹುರಿಯನ್ನು ಎಳೆದು ನೋಡಿ, “ನೋಡ್ರೀ, ತಂತಿ ಇದ್ದ ಹಾಗಿದೆ,” ಎಂದು ಗೆಳೆಯರಿಗೆ ತೋರಿಸಿ ಖುಷಿಪಟ್ಟರು.

ಕೊನೆಯ ಸಂದಿಗೂ ಹುರಿ ಬಿಗಿದು ರಾಳ ಹೊಯ್ದ ಮೇಲೆ, ಮಧ್ಯಾಹ್ನ ಎತ್ತಿನ ಗಾಡಿಯಲ್ಲಿ ದೋಣಿ ಪರೀಕ್ಷೆಗೆಂದು ಕೆರೆಗೆ ಹೋಯಿತು. ಪ್ರಯಾಣದ ಸಾಮಾನಿನ ಬದಲಿಗೆ ಮರಳಿನ ಮೂಟೆ ತುಂಬಿದರು. ಹಾಯಿಗೆ ಒಬ್ಬರು, ಚುಕ್ಕಾಣಿಗೆ ಒಬ್ಬರು. ತಳದಲ್ಲಿ ನೀರು ಒಸರುತ್ತದೆಯೇ ಎಂದು ನೋಡಲು ಇನ್ನೊಬ್ಬರು ಬೇಕಾಯಿತು. ನನ್ನವರು ದಡದ ಮೇಲೆ ಅತ್ತ ಇತ್ತ ನೋಡಿ, ಬೇರೆ ಯಾರೂ ಕಾಣದೆ, “ಇವಳೇ, ನೀನೇ ಹತ್ತು. ಸೀರೆ ಎತ್ಕೋ,” ಎಂದರು.

ಮೂಟೆಗಳ ನಡುವೆ ಕೂತೆ. ಹಾಯಿ ಗಾಳಿ ತುಂಬಿಕೊಂಡ ಕೂಡಲೇ ಅವರಿಬ್ಬರೂ ಮಾತು ನಿಲ್ಲಿಸಿದರು. ಒಬ್ಬರು ಹಗ್ಗ ಎಳೆದ ಕ್ಷಣಕ್ಕೆ ಇನ್ನೊಬ್ಬರು ಚುಕ್ಕಾಣಿ ತಿರುಗಿಸುತ್ತಿದ್ದರು. ನಮ್ಮ ಮನೆಯಲ್ಲಿ ಉಪ್ಪಿನ ಭರಣಿ ಎಲ್ಲಿದೆ ಎಂದು ಇಂದಿಗೂ ಕೇಳುವ ಮನುಷ್ಯ, ಗೆಳೆಯರ ಮನಸ್ಸನ್ನು ಕೇಳದೆಯೇ ತಿಳಿಯುತ್ತಿದ್ದರು. ಆ ಹೊತ್ತಿನಲ್ಲಿ ಇಡೀ ಕೆರೆಯೇ ಅವರಿಬ್ಬರಿಗೆ ಸೇರಿದ್ದು. ನನ್ನ ಪಾಲಿಗೆ ಹಲಗೆಯ ಸಂದಿಗಳು.

“ಒಸರುತ್ತಾ?”

“ಇಲ್ಲ.”

“ಸರಿಯಾಗಿ ನೋಡು.”

“ನಾನು ಹೊಸೆದಿರೋದು ರೀ!”

ಗೆಳೆಯರು ಗೊಳ್ಳೆಂದು ನಕ್ಕರು. ನನ್ನವರು ಹಾಯಿಕಂಬದ ಬೆನ್ನು ತಟ್ಟಿದರು. ನನಗೆ ತಲೆ ಸುತ್ತಲಿಲ್ಲ. ಅದನ್ನು ಯಾರೂ ಕೇಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದೆವು. ಗಂಡಸರು ಜಗಲಿಯಲ್ಲಿ ಕಾಫಿ ಕುಡಿಯುತ್ತ, ಇಬ್ಬರಿಗೆ ಕುಡಿಯುವ ನೀರು ಎಷ್ಟು ಬೇಕು ಎಂದು ಮಾತಿಗೆ ಕೂತರು. ಪ್ರತಿ ಸಲ ‘ಇಬ್ಬರಿಗೆ’ ಎಂದಾಗಲೂ ನನ್ನ ಕೈಯ ತಟ್ಟೆ ಸದ್ದು ಮಾಡುತ್ತಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ತಮಿಳು ಅಮ್ಮ ಬಟ್ಟಲು ಹಿಡಿದು, ಹಾಲಿಗೆ ಹೆಪ್ಪು ಕೇಳಿಕೊಂಡು ಬಂದರು. ಮೊಸರು ಹಾಕಿಕೊಟ್ಟೆ. ಬಟ್ಟಲಿಗೆ ಸೆರಗು ಮುಚ್ಚಿಕೊಂಡು ಜಗಲಿ ದಾಟುವಾಗ ಅವರು ನನ್ನ ಕಡೆ ತಿರುಗಿ ಹೇಳಿದರು:

“ಏರಿ ಮೇಲೆ ಬರ್ತಾ ನೋಡ್ದೆ ಮಾ ನಿಮ್ಮನ್ನ. ಅಷ್ಟು ಮೂಟೆ, ಮೂರು ಜನ, ಆದ್ರೂ ದೋಣಿ ಬಾತುಕೋಳಿ ಥರ ಹಾಯಾಗಿ ಹೋಗ್ತಿತ್ತು. ನನ್ನೂ ಒಂದು ಕೂಗು ಕೂಗಬಾರ್ದಾ? ಇನ್ನೂ ಒಬ್ಬರಿಗೆ ಜಾಗ ಇತ್ತಲ್ಲ!”