ದೊಡ್ಡಪ್ಪನಿಗೆ ಮಾತ್ರೆ ನುಂಗಿಸುವುದೆಂದರೆ

ಮಾವಿನ ಸೀಸನ್ನಿನಲ್ಲಿ ದೊಡ್ಡಪ್ಪನ ಬಲಗೈ ನೋಡಲಾಗುತ್ತಿರಲಿಲ್ಲ. ತೊಟ್ಟಿನಿಂದ ಚಿಮ್ಮುವ ಸೊನೆ ತಾಗಿ ತಾಗಿ ಚರ್ಮ ಅಲ್ಲಲ್ಲಿ ಕಪ್ಪಗೆ ಸುಟ್ಟಿರುತ್ತಿತ್ತು. ಬೆರಳ ಸಂದು ಬಿರಿದು, ಉಗುರಿನ ಅಂಚೆಲ್ಲ ಹಳದಿ. ದೊಡ್ಡಮ್ಮ ಹರಳೆಣ್ಣೆ ಬಟ್ಟಲು ಹಿಡಿದು ಹತ್ತಿರ ಹೋದರೆ, “ಇದು ಮಂಡಿಯೋನ ಕೈ ಕಣೇ, ಮದುವೆ ಹೆಣ್ಣಿಂದಲ್ಲ” ಎಂದು ಕೊಸರಿಕೊಳ್ಳುತ್ತಿದ್ದರು. ಯಾರು ಏನು ಒಳ್ಳೆಯದು ಮಾಡಲು ಹೋದರೂ ಕೊಸರಿಕೊಳ್ಳುವುದು ಅವರ ಹುಟ್ಟುಗುಣ.

ನಾನು ಯಲ್ದೂರಿನವಳು. ಹೈಸ್ಕೂಲು ಓದಲೆಂದು ಶ್ರೀನಿವಾಸಪುರಕ್ಕೆ ಬಂದು ಅಪ್ಪನ ಅಣ್ಣನ ಮನೆಯಲ್ಲಿ ಉಳಿದೆ. ಟೀಚರ್ ಕೆಲಸವೂ ಅಲ್ಲೇ ಸಿಕ್ಕಿದ್ದರಿಂದ ಮದುವೆಯಾಗುವವರೆಗೂ ಅವರ ಮನೆಯೇ ನನ್ನ ಮನೆ. ದೊಡ್ಡಪ್ಪನಿಗೆ ಮಾವಿನ ಮಂಡಿಯಿತ್ತು. ರೈತರು ಗಾಡಿಯಲ್ಲಿ ತಂದ ಕಾಯನ್ನು ರಾಶಿ ಹಾಕಿಸಿ, ವ್ಯಾಪಾರಿಗಳಿಗೆ ಹರಾಜು ಹಾಕುವ ಕೆಲಸ. ಆಗ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದೊಡ್ಡಪ್ಪ ಟವೆಲ್ಲಿನ ಮರೆಯಲ್ಲಿ ಒಬ್ಬೊಬ್ಬ ವ್ಯಾಪಾರಿಯ ಕೈ ಹಿಡಿದು, ಬೆರಳು ಒತ್ತಿ ಬೆಲೆ ಕೇಳುವರು. ಅವನೂ ಬೆರಳು ಒತ್ತಿಯೇ ಉತ್ತರ ಕೊಡುವನು. ಬಾಯಲ್ಲಿ ಮಾತ್ರ ತೆಲುಗು, ಕನ್ನಡ, ಉರ್ದು ಮೂರನ್ನೂ ಕಲಸಿ ತಮಾಷೆ ಮಾಡುತ್ತಿರುವರು.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ, ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಅವರ ಮೂಗಿನಿಂದ ತಟತಟನೆ ರಕ್ತ ಸುರಿದು ಮುದ್ದೆಯ ಮೇಲೆ ಬಿತ್ತು. ದೊಡ್ಡಮ್ಮ ಹೆದರಿ ಕೋಲಾರಕ್ಕೆ ಕರೆದೊಯ್ದರು. ಅಲ್ಲಿ ನಮಗೆ ಪರಿಚಯದ ಒಬ್ಬ ಡಾಕ್ಟರಮ್ಮ ಇದ್ದರು. ತೋಳಿಗೆ ಪಟ್ಟಿ ಸುತ್ತಿ ನೋಡಿದರು, ಸಾಲದೆ ಇನ್ನೊಮ್ಮೆ ನೋಡಿದರು. “ಬಿ.ಪಿ. ತುಂಬಾ ಇದೆ ಯಜಮಾನ್ರೇ. ಮಾತ್ರೆ ದಿನಾ ತಗೋಬೇಕು. ಚೆನ್ನಾಗಿದೀನಿ ಅನ್ನಿಸಿದ್ರೂ ಬಿಡೋ ಹಾಗಿಲ್ಲ” ಎಂದರು.

“ಎಷ್ಟ್ ದಿನ?”

“ದಿನ ಲೆಕ್ಕ ಇಲ್ಲ. ಇರೋವರೆಗೂ.”

ದೊಡ್ಡಪ್ಪ ಅಲ್ಲಿ ತಲೆಯಾಡಿಸಿದರು. ಬಸ್ಸಿಗೆ ಹತ್ತುತ್ತಲೇ ಶುರುವಾಯಿತು. “ಇರೋವರೆಗೂ ನುಂಗಕ್ಕೆ ಅದೇನು ಅನ್ನವಾ? ಜ್ವರ ಬಿಟ್ಮೇಲೂ ಯಾರಾದ್ರೂ ಜ್ವರದ ಮಾತ್ರೆ ನುಂಗ್ತಾರಾ?”

ಅಂದಿನಿಂದ ನನಗೂ ದೊಡ್ಡಮ್ಮನಿಗೂ ನೆಮ್ಮದಿ ಇಲ್ಲದಾಯಿತು. ನಾವು ಮಾತ್ರೆ ಕೈಗಿಟ್ಟರೆ ಅವರು ಅದನ್ನು ಜೇಬಿಗಿಡುವರು. ತಲೆನೋವು ಬಂದ ದಿನ ತಾವಾಗಿ ಕೇಳಿ ನುಂಗುವರು, ಬಾರದ ದಿನ “ಇವತ್ತು ಬಿ.ಪಿ. ಇಲ್ಲ” ಎನ್ನುವರು. ಬಿ.ಪಿ. ಎಂದರೆ ಮನೆಗೆ ಬಂದು ಹೋಗುವ ನೆಂಟ ಎಂದುಕೊಂಡಿದ್ದರೋ ಏನೋ! ಉಪ್ಪು ಕಮ್ಮಿ ಮಾಡಿ ಎಂದಿದ್ದರು ಡಾಕ್ಟರಮ್ಮ. ಇವರು ಮಂಡಿಯಲ್ಲಿ ಕೂತು ತೋತಾಪುರಿ ಹೋಳಿಗೆ ಉಪ್ಪುಖಾರ ಹಚ್ಚಿಕೊಂಡು ತಿನ್ನುತ್ತಿದ್ದುದನ್ನು ನನ್ನ ಕಣ್ಣಾರೆ ಕಂಡಿದ್ದೇನೆ. ಕೇಳಿದರೆ, “ಕಾಯಿ ರುಚಿ ನೋಡ್ದೆ ವ್ಯಾಪಾರ ಮಾಡಕ್ಕಾಯ್ತದಾ?”

ತಾವು ನುಂಗದ ಮಾತ್ರೆಯನ್ನು ಊರಿಗೆ ಹಂಚುವುದರಲ್ಲಿ ಮಾತ್ರ ಕರ್ಣ. ಮುಳಬಾಗಿಲಿನಿಂದ ಬಂದ ಸೋದರತ್ತೆ ತಲೆ ಸುತ್ತುತ್ತದೆ ಎಂದದ್ದೇ ತಡ, ಜೇಬಿನಿಂದ ಮಾತ್ರೆ ತೆಗೆದು ಕೊಟ್ಟೇಬಿಟ್ಟರು. ಆಕೆ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ನಾನು ಕಿತ್ತುಕೊಂಡೆ. “ಅತ್ತೆಗೆ ಏನಿದೆಯೋ ಯಾರಿಗೆ ಗೊತ್ತು ದೊಡ್ಡಪ್ಪಾ? ಬಿ.ಪಿ. ಕಮ್ಮಿ ಇದ್ರೆ?” ಎಂದು ರೇಗಿದರೆ, “ನೀನೇನೇ ಡಾಕ್ಟ್ರಾ? ಒಂದ್ ಮಾತ್ರೆಗೆ ಹಿಂಗಾಡ್ತೀಯ” ಎಂದು ನನ್ನ ಮೇಲೆಯೇ ಎಗರಿದರು.

ಕೋಲಾರಕ್ಕೆ ಹೋಗುವ ದಿನ ಹತ್ತಿರವಾದಾಗ ಮಾತ್ರ, ಪರೀಕ್ಷೆ ಬಂದಾಗ ಪುಸ್ತಕ ಬಿಚ್ಚುವವರಂತೆ, ಶ್ರದ್ಧೆಯಿಂದ ನುಂಗತೊಡಗುವರು. ಒಂದು ಸಲ ಅದೂ ಮರೆತು, ಹೊರಡುವ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎರಡೆರಡು ಒಟ್ಟಿಗೆ ನುಂಗಿದ್ದರು. ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಸೀಟಿನಿಂದ ಎದ್ದು ಇಳಿದವರೇ ಕಣ್ಣು ಕತ್ತಲಿಟ್ಟು ಹೂವಿನವಳ ಬುಟ್ಟಿಯ ಮೇಲೆ ಬಿದ್ದರು. ಆಕೆ ಬೈದ ಬೈಗುಳ ಈಗಲೂ ನನ್ನ ಕಿವಿಯಲ್ಲಿದೆ. ತಲೆಯಲ್ಲಿ ಕನಕಾಂಬರ ಅಂಟಿಸಿಕೊಂಡೇ ಡಾಕ್ಟರಮ್ಮನ ಮುಂದೆ ಕೂತರು. ಬಿ.ಪಿ. ತೀರ ಇಳಿದಿತ್ತು. “ಮಾತ್ರೆ ಜಾಸ್ತಿ ಆಯ್ತೇನೋ, ಕಡಿಮೆ ಮಾಡೋಣ” ಎಂದು ಆಕೆ ಪೆನ್ನು ತೆಗೆದಾಗ ನಾನು ತಡೆಯಲಾರದೆ ಎಲ್ಲ ಹೇಳಿಬಿಟ್ಟೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ನೀವು ನಿಜ ಹೇಳದೆ ಇದ್ರೆ ನಾನು ತಪ್ಪು ಔಷಧಿ ಬರೀತೀನಿ. ತಪ್ಪಿದ ಮಾತ್ರೆಗೆ ಅಂತ ಮಾರನೇ ದಿನ ಎರಡು ನುಂಗಬಾರದು. ತಿಳೀತಾ?”

ದೊಡ್ಡಪ್ಪ ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಬಿಟ್ಟು ಹಿಂದಿನ ಸೀಟಿಗೆ ಹೋಗಿ ಕೂತರು. ಮನೆಗೆ ಬಂದು ದೊಡ್ಡಮ್ಮನಿಗೆ ಹೇಳಿದ್ದು ಇಷ್ಟು: “ನೋಡ್ದ್ಯಾ, ಮಾತ್ರೆ ತಿಂದಿದ್ದಕ್ಕೇ ನಾನು ಬಿದ್ದಿದ್ದು.”

ಇಂಥವರನ್ನು ಏನು ಮಾಡುವುದು?

ಆಮೇಲಿನ ಬೇಸಿಗೆಯಲ್ಲಿ ಫಸಲು ಚೆನ್ನಾಗಿತ್ತು. ಬೆಳಕು ಹರಿಯುವ ಮೊದಲೇ ಮಂಡಿಗೆ ಹೋದರೆ ಊಟಕ್ಕೂ ಬರುತ್ತಿರಲಿಲ್ಲ. ಮಾತ್ರೆ ಕೇಳಿದರೆ “ಆಯ್ತು, ಆಯ್ತು” ಎನ್ನುವರು. ಅಂಥ ಒಂದು ದಿನ, ನನಗೆ ಬೇಸಿಗೆ ರಜೆ, ದೊಡ್ಡಮ್ಮ ಕೊಟ್ಟ ಬುತ್ತಿ ಹಿಡಿದು ಮಂಡಿಗೆ ಹೋಗಿದ್ದೆ. ಬಾದಾಮಿ ಮಾವಿನ ರಾಶಿಯ ಸುತ್ತ ಜನ. ದೊಡ್ಡಪ್ಪ ಟವೆಲ್ಲಿನಡಿ ಒಬ್ಬ ಸಾಹೇಬರ ಕೈ ಹಿಡಿದಿದ್ದರು. ಎಷ್ಟೋ ವರ್ಷದ ವ್ಯಾಪಾರಿ ಅವರು.

ಸಾಹೇಬರು ಹುಬ್ಬು ಗಂಟಿಕ್ಕಿ, “ಕ್ಯಾ ಯಜಮಾನ್, ಬೆರಳು ಒತ್ತಿ. ಏನೂ ಗೊತ್ತಾಗ್ತಿಲ್ಲ” ಎಂದರು.

“ಒತ್ತುತ್ತಾ ಇದೀನಲ್ಲಯ್ಯ.”

ಆ ಮಾತು ನಾಲಿಗೆಗೆ ಅಂಟಿಕೊಂಡು ಹೊರಬಂತು. ಸಾಹೇಬರು ಟವೆಲ್ ಎಳೆದು ಬಿಸಾಡಿದರು. ಮಂಡಿಯಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಎಲ್ಲರ ಕಣ್ಣೆದುರು ದೊಡ್ಡಪ್ಪನ ಕೈ ಒದ್ದೆ ಬಟ್ಟೆಯ ಹಾಗೆ ಸಾಹೇಬರ ಅಂಗೈಯಲ್ಲಿ ಬಿದ್ದಿತ್ತು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಅವರಿಗೆ ಮಾತ್ರ ಅದು ತಿಳಿದಿರಲಿಲ್ಲ. ಇನ್ನೂ ಬೆಲೆ ಕೇಳುತ್ತಲೇ ಇದ್ದರು.

ಸಾಹೇಬರು ತಮ್ಮ ಕಾರಿನಲ್ಲಿಯೇ, ಮನೆಯಿಂದ ದೊಡ್ಡಮ್ಮನನ್ನೂ ಹತ್ತಿಸಿಕೊಂಡು, ನಮ್ಮನ್ನು ಕೋಲಾರಕ್ಕೆ ಕರೆದೊಯ್ದರು. ದಾರಿಯಲ್ಲಿ ದೊಡ್ಡಮ್ಮ ತಮ್ಮ ಸೆರಗಿನಿಂದ ದೊಡ್ಡಪ್ಪನ ಬಾಯಿ ಒರೆಸುತ್ತ, ಅಳುತ್ತ, ಅಷ್ಟೇ ಜೋರಾಗಿ ಬೈಯುತ್ತ ಕೂತಿದ್ದರು.

ನಾಲ್ಕಾರು ದಿನ ಕಳೆದು ಮಾತು ಸ್ವಲ್ಪ ತಿಳಿಯಾದಾಗ ಡಾಕ್ಟರಮ್ಮ ಮಂಚದ ಪಕ್ಕ ಕೂತು, “ಮಾತ್ರೆ ಯಾವಾಗ ಬಿಟ್ರಿ?” ಎಂದು ಕೇಳಿದರು.

“ಸೀಸನ್ ಶುರುವಾದಾಗ.”

“ಯಾಕೆ?”

ದೊಡ್ಡಪ್ಪ ಗೋಡೆಯ ಕಡೆ ನೋಡಿದರು. ಆಮೇಲೆ ದೊಡ್ಡಮ್ಮನ ಕಡೆ. ಕೊನೆಗೆ ಹೊರಬಂತು. ಆ ಮಾತ್ರೆ ನುಂಗಿದರೆ ಗಳಿಗೆಗೊಮ್ಮೆ ಎದ್ದು ಹೊರಗೆ ಹೋಗಬೇಕಾಗುತ್ತಿತ್ತು. ಹರಾಜಿನ ನಡುವೆ ಎದ್ದರೆ ವ್ಯಾಪಾರಿಗಳು ಪಕ್ಕದ ಮಂಡಿಗೆ ಜಾರುತ್ತಾರೆ. “ಹೆಂಗಸು ಡಾಕ್ಟ್ರಿಗೆ ಅದನ್ನ ಹೆಂಗಮ್ಮಾ ಹೇಳೋದು?”

ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಸಿಡಿದರು. “ಅಯ್ಯೋ ನಿಮ್ಮ! ಉಚ್ಚೆ ಮಾತಾಡಕ್ಕೆ ನಾಚ್ಕೊಂಡು ಪ್ರಾಣ ಕಳ್ಕೊಳ್ಳಕ್ಕೆ ಹೊರಟಿದ್ರಾ? ಏಂ ಮನಿಷಯ್ಯಾ ನುವ್ವು!” ಎಂಥಾ ಮನುಷ್ಯನಯ್ಯಾ ನೀನು ಎಂದು ಅದರರ್ಥ; ಸಿಟ್ಟು ನೆತ್ತಿಗೇರಿದಾಗ ಆಕೆಗೆ ತೆಲುಗು ಬರುತ್ತಿತ್ತು. ಪಕ್ಕದ ಮಂಚದವರೆಲ್ಲ ಎದ್ದು ಕೂತರು.

ಡಾಕ್ಟರಮ್ಮ ನಗಲಿಲ್ಲ. “ಹೇಳಿದ್ರೆ ಮಾತ್ರೆ ತಗೊಳ್ಳೋ ಹೊತ್ತು ಬದಲಾಯಿಸ್ತಿದ್ದೆ, ಇಲ್ಲಾ ಬೇರೆ ಮಾತ್ರೆ ಕೊಡ್ತಿದ್ದೆ. ಏನೇ ತೊಂದ್ರೆ ಆದ್ರೂ ನನ್ನ ಹತ್ರ ಬನ್ನಿ. ನಿಮ್ಮಷ್ಟಕ್ಕೆ ನೀವು ಬಿಡಬೇಡಿ.” ಆಮೇಲೆ ಮಾತ್ರೆ ಬದಲಾಯಿಸಿದರು.

ಕೈ ಮುಕ್ಕಾಲು ಪಾಲು ಸರಿಹೋಯಿತು. ಬೆರಳಿಗೆ ಮೊದಲಿನ ಬಿಗಿ ಬರಲಿಲ್ಲ. ಹರಾಜನ್ನು ಮಂಡಿಯ ಪಾಲುದಾರನಿಗೆ ಬಿಟ್ಟು ಲೆಕ್ಕದ ಗದ್ದಿಗೆಯಲ್ಲಿ ಕೂರುವಂತಾಯಿತು. ಇನ್ನಾದರೂ ನಮಗೆ ನೆಮ್ಮದಿ ಎಂದುಕೊಂಡರೆ, ಅದೂ ಆಗಲಿಲ್ಲ. ತಾವು ಮಾತ್ರೆ ತಪ್ಪದೆ ನುಂಗುವುದಲ್ಲದೆ, ಈಗ ಅವರು ಊರಿಗೇ ಕಾಟವಾದರು. ಕಾಯಿ ತಂದ ರೈತನನ್ನು ರಾಶಿ ಹಾಕುವ ಮೊದಲೇ ತಡೆದು, “ಬಿ.ಪಿ. ತೋರಿಸಿದ್ಯೇನ್ಲಾ?” ಎಂದು ಕೇಳುವರು. ಉಪ್ಪಿನಕಾಯಿ ಜಾಡಿ ಅಟ್ಟಕ್ಕೇರಿಸಿದರು, ನಮಗೂ ಸಿಗದ ಹಾಗೆ.

ನನ್ನ ಮದುವೆಯಾಗಿ, ಗಂಡನಿಗೆ ಮಾಲೂರಿನ ಹಂಚಿನ ಕಾರ್ಖಾನೆಯಲ್ಲಿ ಕೆಲಸವಿದ್ದುದರಿಂದ ಅಲ್ಲಿಗೇ ವರ್ಗ ಮಾಡಿಸಿಕೊಂಡೆ. ಚೊಚ್ಚಲ ಬಸುರಿನಲ್ಲಿ ಬಾಣಂತನಕ್ಕೆಂದು ದೊಡ್ಡಪ್ಪನ ಮನೆಗೇ ಬಂದೆ. ಕಾಲು ಊದಿತ್ತು. ಮುಖವೂ ಉಬ್ಬಿತ್ತು, ತಲೆನೋವು ಬಿಡುತ್ತಿರಲಿಲ್ಲ. ನೋಡಿದವರೆಲ್ಲ “ಬಸುರಿಯರಿಗೆ ಇದೆಲ್ಲ ಇದ್ದದ್ದೇ” ಎಂದರು. ದೊಡ್ಡಪ್ಪ ಮಾತ್ರ ಬೆಳಿಗ್ಗೆಯಿಂದ, “ಕೋಲಾರಕ್ಕೆ ಹೊರಡು, ಬಿ.ಪಿ. ತೋರ್ಸು” ಎಂದು ಬೆನ್ನು ಹತ್ತಿದರು. ನನಗೆ ಅವರ ಬಿ.ಪಿ. ಪುರಾಣ ಕೇಳಿ ಕೇಳಿ ಸಾಕಾಗಿತ್ತು. “ನಿಮಗೆ ಬಂದಿದ್ದು ಎಲ್ಲರಿಗೂ ಬರಲ್ಲ ದೊಡ್ಡಪ್ಪಾ, ಸುಮ್ನಿರಿ” ಎಂದೆ. ಪಕ್ಕದ ಮನೆಯಾಕೆ ಸಮಾಧಾನಕ್ಕೆಂದು, “ಅಷ್ಟು ಅನುಮಾನ ಇದ್ರೆ ನಿಮ್ದೇ ಒಂದ್ ಮಾತ್ರೆ ಕೊಡಿ, ಹೆಂಗೂ ಮನೇಲಿ ಇದೆಯಲ್ಲ” ಎಂದರು.

ದೊಡ್ಡಪ್ಪ ಆರ್ಭಟಿಸಿದರು. “ನನ್ ಮಾತ್ರೆ ನಂಗೆ! ಹೊಟ್ಟೇಲಿ ಕೂಸಿದೆ, ಅದಕ್ಕೆ ಏನಾಗ್ತದೋ ನಿಂಗ್ ಗೊತ್ತಾ, ನಂಗ್ ಗೊತ್ತಾ? ಏಳೇ ಮೇಲೆ!” ಸೋತ ಕೈಯಲ್ಲೇ ನನ್ನ ರಟ್ಟೆ ಹಿಡಿದು ಎಬ್ಬಿಸಿದರು. ಬಸ್ಸಿನಲ್ಲಿ ಇಬ್ಬರೂ ಮುಖ ಊದಿಸಿಕೊಂಡು ಕೂತಿದ್ದೆವು.

ಡಾಕ್ಟರಮ್ಮ ಬಿ.ಪಿ. ನೋಡಿದವರೇ ನನ್ನನ್ನು ಮನೆಗೆ ಕಳಿಸಲಿಲ್ಲ. ಬಸುರಿಯರಿಗೆ ಕೊಡಬಹುದಾದ ಬೇರೆ ಔಷಧಿ ಶುರುಮಾಡಿ ಆಸ್ಪತ್ರೆಗೆ ಸೇರಿಸಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಫಿಟ್ಸ್ ಬಂದು ತಾಯಿ, ಮಗು ಇಬ್ಬರೂ ಉಳಿಯುತ್ತಿರಲಿಲ್ಲವೇನೋ ಎಂದು ಆಮೇಲೆ ಹೇಳಿದರು. ಮಗಳು ತಿಂಗಳು ತುಂಬುವ ಮೊದಲೇ ಹುಟ್ಟಿದಳು, ಅಂಗೈಯಗಲದ ಕೂಸು. ದೊಡ್ಡಪ್ಪ ಅವಳನ್ನು ನೋಡಿ, “ತೂಕ ಕಮ್ಮಿ. ಇರ್ಲಿ, ಕಾಯಿ ಗಟ್ಟಿಯಾಗಿದೆ” ಎಂದರು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ನ್ಯುಮೋನಿಯಾ ಆಗಿ ದೊಡ್ಡಪ್ಪ ತೀರಿಕೊಂಡರು. ಅಂಗಳದಲ್ಲಿ ಜನ ನೆರೆದಿದ್ದರು. “ಪಾಪ, ಬಿ.ಪಿ.ನೇ ತಗೊಂಡೋಯ್ತು” ಎಂದು ಯಾರೋ ಅಂದದ್ದು ದೊಡ್ಡಮ್ಮನ ಕಿವಿಗೆ ಬಿತ್ತು. ಅಳುತ್ತಿದ್ದವರು ತಟ್ಟನೆ ತಲೆಯೆತ್ತಿದರು. “ಯಾರ್ರೀ ಅದು ಅಂದೋರು? ಬಿ.ಪಿ. ಅಂತೆ! ಆಸ್ಪತ್ರೇಲೂ ಒಂದಿನ ಮಾತ್ರೆ ತಪ್ಪಿಸಿಲ್ಲ ನಮ್ಮೋರು. ಗೊತ್ತಿಲ್ದೆ ಮಾತಾಡ್ಬೇಡಿ!” ಎಂದು ಗದರಿ, ಮತ್ತೆ ಅಳತೊಡಗಿದರು. ಆಕೆಯ ಮಗ್ಗುಲಲ್ಲಿ ನನ್ನ ಮಗಳು ಕೂತಿದ್ದಳು, ಶಾಲೆಯ ಯೂನಿಫಾರಮ್ಮಿನಲ್ಲೇ, ದೊಡ್ಡಮ್ಮನ ಬೆನ್ನು ಸವರುತ್ತ.