ಕುಂಕುಮ ಕೊಟ್ಟು ಮ್ಯಾಚಿಗೆ ಕರೆದವರು

ನಮ್ಮ ಪಿ.ಟಿ. ಮಿಸ್ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿದರೆ, ಶಾಲೆಯ ಮೈದಾನದಲ್ಲಿ ಕ್ರಿಕೆಟ್ ಆಡುತ್ತಿದ್ದ ದಾಂಡಿಗರೆಲ್ಲ ಬ್ಯಾಟು ಎತ್ತಿಕೊಂಡು ಜಾಗ ಖಾಲಿ ಮಾಡುತ್ತಿದ್ದರು. ಕೊರಳಲ್ಲಿ ತಾಳಿಯ ಜೊತೆಗೇ ಒಂದು ಸೀಟಿ ತೂಗಾಡುತ್ತಿತ್ತು, ಅದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಹೆಂಗಸು ಶಿಳ್ಳೆ ಹಾಕಿದರೆ ಮನೆಗೆ ದರಿದ್ರ ಎಂದು ಹೆಡ್‌ಮಾಸ್ಟರು ಒಮ್ಮೆ ಅಂದರಂತೆ. "ಇದು ಮನೆ ಅಲ್ಲ ಬಿಡ್ರಿ ಸಾರ್, ಗ್ರೌಂಡು" ಅಂದರಂತೆ ಇವರು. ಹೆಸರು ಸುಶೀಲಮ್ಮ. ದಿನಾ ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿಗೆ ಬರುತ್ತಿದ್ದರು. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ, ಕೈಯಲ್ಲೊಂದು ತಂತಿ ಬುಟ್ಟಿ, ಬುಟ್ಟಿಯೊಳಗೆ ಊಟದ ಡಬ್ಬಿಯ ಪಕ್ಕ ಫುಟ್‌ಬಾಲು.

ಆಗ ಹುಡುಗಿಯರಿಗೆ ಖೋಖೋ, ಥ್ರೋಬಾಲು ಆದರೆ ಮುಗಿಯಿತು. ಫುಟ್‌ಬಾಲ್ ಎಂದರೆ ಚಡ್ಡಿ, ಚಡ್ಡಿ ಎಂದರೆ ಮಾನ ಹೋಯಿತು. ಮಿಸ್ ಅಪ್ಪಂದಿರ ಹತ್ತಿರ ವಾದಕ್ಕೆ ಹೋಗುತ್ತಲೇ ಇರಲಿಲ್ಲ. ಸೀದಾ ಅಡುಗೆಮನೆಗೆ ನುಗ್ಗಿ, ಅಮ್ಮನ ಪಕ್ಕ ಕೂತು ರೊಟ್ಟಿ ತಟ್ಟಲು ಶುರುಮಾಡುತ್ತಿದ್ದರು. ಅವರು ತಟ್ಟಿದ ರೊಟ್ಟಿ ಯಾವತ್ತೂ ದುಂಡಗೆ ಬಂದದ್ದಿಲ್ಲ. ಅದನ್ನು ನೋಡಿ ಮನೆಯವರು ನಗುತ್ತಿದ್ದರು, ನಕ್ಕ ಮೇಲೆ ಮಾತು ಸಲೀಸಾಗುತ್ತಿತ್ತು.

ನೇತ್ರಾಳ ಮನೆಗೆ ಹೋದಾಗ ನಾನೂ ಜೊತೆಗಿದ್ದೆ. ನೇತ್ರಾ ನನ್ನ ಗೆಳತಿ, ಕಡರನಾಯಕನಹಳ್ಳಿಯಲ್ಲಿ ನಮ್ಮ ಹಿಂದಿನ ಬೀದಿಯವಳು. ದಾರಿಯಲ್ಲಿ ಬಿದ್ದ ತೆಂಗಿನ ಚಿಪ್ಪನ್ನೂ ಒದೆಯದೆ ಬಿಟ್ಟವಳಲ್ಲ. ಅವರ ಮನೆಯಲ್ಲಿ ಅಜ್ಜಿಯ ಮಾತೇ ಮಾತು.

"ಏನವ್ವ, ಹೆಣ್ಮಕ್ಕಳ ಕೈಲಿ ಚೆಂಡು ಒದೆಸ್ತೀಯಂತೆ?" ಅಂದಿತು ಅಜ್ಜಿ.

"ಹೂನವ್ವ. ಓಡಿದ್ರೆ ಮೈ ಗಟ್ಟಿ ಆಕೈತೆ. ಮುಂದೆ ಹೆರಿಗೆ ಸಲೀಸು. ಗಟ್ಟಿ ಹುಡುಗಿ ಅಂದ್ರೆ ಒಳ್ಳೇ ಮನೇರು ಹುಡುಕ್ಕಂಡು ಬರ್ತಾರೆ."

"ಚಡ್ಡಿ ಬ್ಯಾಡವ್ವ ಮತ್ತೆ."

"ಪ್ಯಾಂಟ್ ಹಾಕ್ಸ್ತೀನಿ. ನನ್ನ ಮಗಳಂಗೆ ನೋಡ್ಕಂತೀನಿ."

ಅಜ್ಜಿ ಒಪ್ಪಿತು. ಬಸ್‌ಸ್ಟಾಪಿನಲ್ಲಿ ನಾನು, "ಮಿಸ್, ಹೆರಿಗೆಗೂ ಫುಟ್‌ಬಾಲಿಗೂ ಏನ್ ಸಂಬಂಧ?" ಎಂದು ಕೇಳಿದೆ. ನನ್ನ ತಲೆಗೊಂದು ಮೊಟಕಿ, "ಸುಮ್ನಿರೇ ತಲೆಹರಟೆ. ಮೊದ್ಲು ಮನೆ ಬಾಗಿಲು ದಾಟಲಿ. ಚೆಂಡಿನ ರುಚಿ ಹತ್ತಿದ ಮ್ಯಾಲೆ ಅವೇ ಓಡ್ತಾವೆ" ಅಂದರು. ಹಾಗೇ ಆಯಿತು ಕೂಡ. ರುಚಿ ಹತ್ತಿತು. ನನಗಂತೂ ಊಟ ಬಿಟ್ಟರೂ ಚಿಂತೆಯಿಲ್ಲ, ಆಟ ಬಿಡಬಾರದು ಎನ್ನುವಷ್ಟು ಹತ್ತಿತು.

ಅವರ ಇನ್ನೊಂದು ಉಪಾಯ ಕೇಳಿ. ಮ್ಯಾಚಿನ ಹಿಂದಿನ ದಿನ ಹುಡುಗಿಯರ ಮನೆಮನೆಗೆ ಹೋಗಿ, ಮದುವೆಗೆ ಕರೆದ ಹಾಗೆ, ಅಮ್ಮಂದಿರಿಗೆ ಅರಿಶಿನ ಕುಂಕುಮ ಕೊಟ್ಟು ಮ್ಯಾಚಿಗೆ ಕರೆಯುವುದು! ಕುಂಕುಮ ಕೊಟ್ಟು ಕರೆದರೆ ಬರಲ್ಲ ಎನ್ನುವ ಹೆಂಗಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಮೈದಾನದ ಬೇಲಿಯುದ್ದಕ್ಕೂ ಚಾಪೆ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಭಾನುವಳ್ಳಿ ಬಸ್ಸು ಇಳಿದು ಬಂದ ಹೆಂಗಸರು ಸಾಲಾಗಿ ಕೂತು, "ಒದೀ ಒದೀ, ಏನ್ ನೋಡ್ತೀಯೇ" ಎಂದು ಕೂಗುತ್ತಿದ್ದರು. ಸೊಸೆಯಂದಿರಿಗೂ ಅತ್ತೆಯಂದಿರಿಗೂ ಕೂಗಲು ಊರಲ್ಲಿ ಇನ್ನೆಲ್ಲಿ ಜಾಗವಿತ್ತು ಹೇಳಿ? ಒಂದು ತಂಡವಿದ್ದದ್ದು ಎರಡಾಯಿತು, ಪಕ್ಕದ ಶಾಲೆಗಳಲ್ಲೂ ಹುಡುಗಿಯರ ತಂಡಗಳು ಎದ್ದವು. ಪೇಪರಿನಲ್ಲಿ ಫೋಟೋ ಬಂತು. ಮಿಸ್ಸಿಗೆ ಹೆಮ್ಮೆಯಿಂದ ನೆಲ ಕಾಣುತ್ತಿರಲಿಲ್ಲ.

ಹೈಸ್ಕೂಲು ಮುಗಿದು ಕಾಲೇಜು ಸೇರಿದ ಮೇಲೂ ನಾವು ಸಂಜೆ ಅವರ ಹತ್ತಿರವೇ ಆಡುತ್ತಿದ್ದೆವು. ನೇತ್ರಾ ಮುಂದೆ, ನಾನು ಹಿಂದೆ ಡಿಫೆನ್ಸಿನಲ್ಲಿ. ಎರಡನೇ ಪಿಯುಸಿಯಲ್ಲಿ ಅವಳು ರಾಜ್ಯ ತಂಡದ ಕ್ಯಾಂಪಿಗೆ ಆಯ್ಕೆಯಾದಳು. ನಮ್ಮ ಕಡೆಯಿಂದ ಅಲ್ಲಿಯವರೆಗೆ ಹೋದ ಹುಡುಗಿ ಇನ್ನೊಬ್ಬಳಿರಲಿಲ್ಲ. ಕ್ಯಾಂಪಿಗೆ ಮೊದಲು ದಾವಣಗೆರೆಯಲ್ಲೊಂದು ಪಂದ್ಯ. ಅವತ್ತು ನೇತ್ರಾ ಆಡಿದ ಆಟ ನೆನೆಸಿಕೊಂಡರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ. ಮುಗಿದ ಮೇಲೆ ರೇಷ್ಮೆ ಸೀರೆಯ ಹೆಂಗಸೊಬ್ಬರು ಬಂದು ಮಿಸ್ಸನ್ನು ಮಾತಾಡಿಸಿದರು.

"ಆ ಹುಡುಗಿ ಯಾರ ಪೈಕಿ ಮೇಡಂ? ಬಾಳ ಚೂಟಿ ಅದಾಳಲ್ರೀ."

ಯಾರೋ ದೊಡ್ಡ ಮನೆಯವರು, ಕ್ಯಾಂಪಿಗೆ ಸಹಾಯ ಮಾಡಬಹುದು ಎಂದುಕೊಂಡರು ಮಿಸ್. ಹೊಗಳಲು ನಿಂತರು ನೋಡಿ, ನಿಲ್ಲಿಸಲೇ ಇಲ್ಲ. "ಬಂಗಾರದಂಥ ಹುಡುಗಿ ಕಣ್ರಿ. ನಸುಕಿಗೇ ಎದ್ದು ಎಮ್ಮೆ ಹಿಂಡಿ ಬರ್ತಾಳೆ. ಒಂದು ದಿನ ತಲೆನೋವು ಅಂದಿಲ್ಲ. ಎದುರು ಮಾತಾಡಿದ್ದು ನಾ ಕೇಳೇ ಇಲ್ಲ." ಆ ಹೆಂಗಸು ಊರು, ಮನೆತನ ಎಲ್ಲ ಕೇಳಿಕೊಂಡು, ಕೈಮುಗಿದು ಹೋದರು.

ಹದಿನೈದು ದಿನಕ್ಕೆ ನೇತ್ರಾಳ ಮದುವೆ ಗೊತ್ತಾಯಿತು. ಹುಡುಗ ಆ ರೇಷ್ಮೆ ಸೀರೆಯವರ ಮಗ, ಭಾನುವಳ್ಳಿಯಲ್ಲಿ ಗದ್ದೆಯಿದೆ, ಅಂಗಡಿಯಿದೆ. ನೇತ್ರಾಳಿಗೆ ಹದಿನೆಂಟು ತುಂಬಿ ಇನ್ನೂ ತಿಂಗಳಾಗಿರಲಿಲ್ಲ. ಕಾನೂನಿನ ಮಾತು ಎತ್ತೋಣವೆಂದರೆ ಅದೂ ಅವರ ಕಡೆಗೇ. ಅವಳು ನನ್ನ ಕೈ ಹಿಡಿದು ಅತ್ತಳು. "ಮಿಸ್ಸಿಗೆ ಹೇಳೇ, ಅಜ್ಜಿ ಅವ್ರ ಮಾತು ಕೇಳ್ತಾಳೆ. ಕ್ಯಾಂಪ್ ಒಂದು ಮುಗೀಲಿ, ಆಮ್ಯಾಲೆ ಎಲ್ಲಿಗಾದ್ರೂ ಕೊಡ್ಲಿ."

ಮಿಸ್ ಓಡೋಡಿ ಬಂದರು. ಅಂದು ಅಡುಗೆಮನೆಗೆ ಹೋಗಲಿಲ್ಲ, ಪಡಸಾಲೆಯಲ್ಲಿ ನಿಂತೇ ಬೇಡಿಕೊಂಡರು. ಅಜ್ಜಿ ಅವರ ಎರಡೂ ಕೈ ಹಿಡಿದುಕೊಂಡಿತು.

"ನೀನೇ ಹೇಳಿದ್ಯಲ್ಲವ್ವ, ಗಟ್ಟಿ ಹುಡುಗಿಗೆ ಒಳ್ಳೇ ಮನೆ ಸಿಗತೈತೆ ಅಂತ. ನಿನ್ನ ಬಾಯಿಂದ ಕೇಳೇ ಬೀಗರು ಒಪ್ಪಿದ್ದಂತೆ. ನಿನ್ನ ಋಣ ಹೆಂಗೆ ತೀರ್ಸಲಿ?"

ಹಾದಿಯಲ್ಲಿ ಬರುವಾಗ ನಾನೇನೋ ಸಮಾಧಾನ ಹೇಳಲು ಹೋದರೆ ಮಿಸ್ ಕೈ ಎತ್ತಿ ತಡೆದರು. ಮದುವೆಯಲ್ಲಿ ಅವರನ್ನು ಮೊದಲ ಸಾಲಿನಲ್ಲಿ ಕೂರಿಸಿ, ಸಂಬಂಧ ಕೂಡಿಸಿದವರು ಎಂದು ಸೀರೆ ಉಡುಗೊರೆ ಕೊಟ್ಟು ಉಡಿ ತುಂಬಿದರು. ನೇತ್ರಾ ತಲೆ ಎತ್ತಿ ನೋಡಲಿಲ್ಲ. ಕ್ಯಾಂಪು ಶುರುವಾದದ್ದು ಮರುದಿನವೇ. ಅಯ್ಯೋ, ಆ ಸಂಕಟ ನನಗೆ ಇನ್ನೂ ಆರಿಲ್ಲ.

ಆಮೇಲೆ ಅದೇ ವಾಡಿಕೆಯಾಗಿಹೋಯಿತು. ಕನ್ಯೆ ನೋಡಲು ಜನ ಮೈದಾನಕ್ಕೆ ಬರತೊಡಗಿದರು. ಯಾರು ಹೆಚ್ಚು ಓಡುತ್ತಾಳೋ ಅವಳ ಮದುವೆ ಬೇಗ. ನಮ್ಮ ತಂಡದಲ್ಲಿ ಮಧ್ಯದಲ್ಲಿ ಆಡುತ್ತಿದ್ದವಳು ಹೋದಳು, ಗೋಲು ಕಾಯುತ್ತಿದ್ದವಳೂ ಹೋದಳು. ನನ್ನನ್ನು ಯಾರೂ ಕೇಳಲಿಲ್ಲ. ಮೈತುಂಬ ಕೆಸರು ಮಾಡಿಕೊಂಡು ಎದುರಾಳಿಗಳನ್ನು ಬಯ್ಯುತ್ತ ನಿಲ್ಲುತ್ತಿದ್ದವಳನ್ನು ಯಾವ ಅತ್ತೆ ಮೆಚ್ಚುತ್ತಾಳೆ? ಆ ಪುಣ್ಯದಿಂದ ಓದಿ, ದಾವಣಗೆರೆಯ ಶಾಲೆಯೊಂದರಲ್ಲಿ ನಾನೂ ಪಿ.ಟಿ. ಮಿಸ್ ಆದೆ. ಈಗ ಹುಡುಗಿಯರನ್ನು ಕರೆತರಲು ಯಾವ ಅಡುಗೆಮನೆಗೂ ಹೋಗಬೇಕಿಲ್ಲ. ಅಮ್ಮಂದಿರೇ ಕೈಹಿಡಿದು ಕರೆತರುತ್ತಾರೆ. "ಸೇರಿಸ್ಕಳ್ರಿ ಮೇಡಂ, ಫುಟ್‌ಬಾಲ್ ಆಡಿದ್ರೆ ಒಳ್ಳೇ ಸಂಬಂಧ ಬರ್ತಾವಂತೆ" ಎನ್ನುತ್ತಾರೆ. ಹುಡುಗಿಯರ ಆಟ ಬೆಳೆದಿದೆ ಎಂದು ಭಾಷಣ ಮಾಡುವವರಿಗೆ ಇದು ಗೊತ್ತಿಲ್ಲ, ಗೊತ್ತಿದ್ದರೂ ಹೇಳುವುದಿಲ್ಲ.

ಹೋದ ವರ್ಷ ಟೂರ್ನಮೆಂಟಿಗೆ ಕರೆಯಲು ಮಿಸ್ಸಿನ ಮನೆಗೆ ಹೋಗಿದ್ದೆ. ರಿಟೈರ್ ಆಗಿದ್ದರು, ಇಳಿದುಹೋಗಿದ್ದರು. ಎಷ್ಟೊಂದು ತಂಡ ಬರುತ್ತಿವೆ ಎಂದು ಉತ್ಸಾಹದಿಂದ ಹೇಳಿದೆ.

"ಹದಿನೆಂಟು ದಾಟಿದೋರು ಎಷ್ಟ್ ಮಂದಿ ಅದಾರೆ?" ಅಂದರು.

ನಾನು ಚಹಾದ ಲೋಟ ಕೈಗೆತ್ತಿಕೊಂಡೆ.

"ನಾ ಬರಲ್ಲ ಕಣೇ. ಚಲೋ ಆಡೋ ಹುಡುಗೀನ ಕಂಡ್ರೆ ನನ್ನ ಬಾಯಿ ಸುಮ್ನಿರಲ್ಲ. ಹೊಗಳೋಕೆ ಹೆದರಿಕೆ ಆಕೈತೆ ನಂಗೆ." ಅಷ್ಟೇ. ಚಹಾ ಕುಡಿದು ಎದ್ದು ಬಂದೆ. ಅದಾಗಿ ಎರಡೇ ತಿಂಗಳಿಗೆ ತೀರಿಕೊಂಡರು. ಮಣ್ಣಿಗೆ ಬಂದ ನೇತ್ರಾ ಕಂಕುಳಲ್ಲಿ ಮಗು ಹೊತ್ತು ದೂರವೇ ನಿಂತಿದ್ದಳು.

ಈ ವರ್ಷ ನನ್ನ ತಂಡದಲ್ಲಿ ಕಾವ್ಯಾ ಎಂಬ ಹುಡುಗಿ ಇದ್ದಾಳೆ. ನೇತ್ರಾಳ ನಂತರ ಅಂಥ ಕಾಲು ನಾನು ಕಂಡಿಲ್ಲ. ಮೊನ್ನೆ ಸೆಮಿಫೈನಲ್ಲಿನಲ್ಲಿ ಅವಳು ಗೋಲು ಹೊಡೆದಾಗ ಬೇಲಿಯ ಪಕ್ಕ ಕೂತಿದ್ದ ಹೆಂಗಸೊಬ್ಬರು ನನ್ನನ್ನು ಕರೆದರು.

"ಆ ಹುಡುಗಿ ಹೆಂಗೆ ಮೇಡಂ? ಚಲೋ ಅದಾಳ?"

"ಅಯ್ಯೋ, ಏನ್ ಕೇಳ್ತೀರಿ" ಅಂದೆ. "ಮೈಗಳ್ಳಿ. ಹೇಳಿದ ಮಾತು ಕೇಳಲ್ಲ. ವಾರಕ್ಕೊಮ್ಮೆ ಮಂಡಿನೋವು. ಏನೋ ಇವತ್ತು ಅದೃಷ್ಟಕ್ಕೆ ಒಂದು ಗೋಲು ಬಿತ್ತು."

ಹೆಂಗಸು ಮುಖ ತಿರುಗಿಸಿದರು. ನಾನೂ ತಿರುಗಿದೆ. ನೀರು ಕುಡಿಯಲು ಬಂದಿದ್ದ ಕಾವ್ಯಾ ನನ್ನ ಹಿಂದೆಯೇ ನಿಂತಿದ್ದಳು. ಬಾಟಲಿ ಕೆಳಗಿಟ್ಟು ಮೈದಾನಕ್ಕೆ ಹೋದಳು. ಉಳಿದ ಆಟದಲ್ಲಿ ಅವಳು ಚೆಂಡಿನ ಹತ್ತಿರ ಸುಳಿಯಲಿಲ್ಲ.